ಟವೆಲ್ಲಿನ ಕೆಳಗೆ ನಡುಗಿದ ಕೈ

ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದದ್ದೇ ಒಂದು ಚೌಕಾಶಿಯಿಂದ. ಹೆಂಡತಿಗೆ ಮೇಲಿಂದ ಮೇಲೆ ಸುಸ್ತಾಗುತ್ತಿತ್ತೆಂದು ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯ ಹತ್ತಿರದ ಲ್ಯಾಬಿಗೆ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಹೇಳಿದ ದರ ನನಗೆ ಹಿಡಿಸಲಿಲ್ಲ. ದರದ ತಪ್ಪೇನೂ ಇರಲಿಲ್ಲ. ಮೊದಲು ಹೇಳಿದ ದರಕ್ಕೆ ಹೂಂ ಎನ್ನುವುದು ಈ ಜನ್ಮದಲ್ಲಿ ನನ್ನಿಂದಾಗದ ಕೆಲಸ, ಅಷ್ಟೇ.

“ಇಬ್ಬರದೂ ಮಾಡಸ್ತೀವಿ. ನನ್ನದು ಅರ್ಧಕ್ಕ ಬಿಡವ್ವ” ಎಂದೆ.

ಆಕೆ ಒಳಗೆ ಹೋಗಿ ಕೇಳಿ ಬಂದು ಒಪ್ಪಿದಳು. ಗೆದ್ದ ಖುಷಿಯಲ್ಲಿ ನಾನು ತೋಳು ಚಾಚಿದೆ. ಸಂಜೆ ವರದಿ ಬಂತು. ಹೆಂಡತಿಗೆ ರಕ್ತ ಸ್ವಲ್ಪ ಕಡಿಮೆ ಇತ್ತು, ಬೇರೆ ಏನೂ ಇರಲಿಲ್ಲ. ನನ್ನ ಸಕ್ಕರೆ ಮುನ್ನೂರ ನಲವತ್ತು.

“ಅರ್ಧಾ ದರಕ್ಕ ಪೂರಾ ರೋಗ ತಗೊಂಡ್ ಬಂದ್ರಿ ನೋಡ್ರಿ” ಎಂದಳು ಹೆಂಡತಿ. ನಗಿಸಲು ಹೇಳಿದ್ದು, ಆದರೆ ಅವಳ ಮುಖ ನಗುತ್ತಿರಲಿಲ್ಲ.

ನಾನು ಬಾಳೆಹಣ್ಣಿನ ವ್ಯಾಪಾರಿ. ಕಮಲಾಪುರದ ಕೆಂಪು ಬಾಳೆ ತೋಟಗಳನ್ನು ಗೊನೆ ಗಿಡದ ಮೇಲೆ ಇರುವಾಗಲೇ ಖರೀದಿಸಿ, ಕಲಬುರಗಿಗೆ ತಂದು ಅಂಗಡಿಗಳಿಗೆ ಹಾಕುತ್ತೇನೆ. ಅಪ್ಪ ಬಿಟ್ಟುಹೋದ ಅಂಗಡಿಯೇನೂ ನನಗಿರಲಿಲ್ಲ. ಮೂವತ್ತು ವರ್ಷಗಳ ಹಿಂದೆ ಇಲ್ಲಿನ ಸೂಪರ್ ಮಾರ್ಕೆಟ್ ಎಂಬ ಬಜಾರಿನಲ್ಲಿ ತಳ್ಳುಬಂಡಿಯ ಹಿಂದೆ ನಿಂತವನು. ಆಮೇಲೆ ಗಳಿಸಿದ್ದೆಲ್ಲ ಬಾಯಿಂದ ಮತ್ತು ಕೈಯಿಂದ.

ಕೈಯಿಂದ ಎಂದದ್ದನ್ನು ಬಿಡಿಸಿ ಹೇಳಬೇಕು. ಕಮಲಾಪುರದಲ್ಲಿ ನಾನು ಹೆಚ್ಚಾಗಿ ಖರೀದಿಸುವ ತೋಟದ ಯಜಮಾನರು ಎಪ್ಪತ್ತು ದಾಟಿದವರು. ಮೊದಲು ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದರು. ಸಂತೆಯ ಕೆಲಸ ಬಿಟ್ಟರೂ ಸಂತೆಯ ಪದ್ಧತಿ ಬಿಟ್ಟಿಲ್ಲ. ತೋಟದ ದರವನ್ನು ಅವರು ಬಾಯಿಬಿಟ್ಟು ಆಡುವುದಿಲ್ಲ. ಇಬ್ಬರ ಬಲಗೈ ಮೇಲೆ ಹೆಗಲ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ಒತ್ತುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು. ಸುತ್ತ ನಿಂತ ಬೇರೆ ವ್ಯಾಪಾರಿಗಳಿಗೆ ಏನೂ ಗೊತ್ತಾಗುವುದಿಲ್ಲ. ಅದಕ್ಕೂ ಮೊದಲು ಇನ್ನೊಂದು ಶಾಸ್ತ್ರವಿದೆ. ತೋಟದ ಒಂದು ಮಾಗಿದ ಹಣ್ಣನ್ನು ಅವರೇ ಸುಲಿದು ಕೊಡುತ್ತಾರೆ. ಅದನ್ನು ತಿಂದವನ ಜೊತೆ ಮಾತ್ರ ವ್ಯವಹಾರ. ಬೇಡ ಎಂದರೆ ತೋಟದಲ್ಲಿ ಕುಂದು ತೆಗೆದಂತೆ.

ಟವೆಲ್ಲಿನ ಕೆಳಗೆ ಬಾಯಿ ಕೆಲಸಕ್ಕೆ ಬರುವುದಿಲ್ಲ, ಮುಖವೂ ಬರುವುದಿಲ್ಲ. ಕೈ ಒಂದೇ. ಬಿಸಿಯಾದರೆ, ಬೆವೆತರೆ, ಸ್ವಲ್ಪ ಬಿಗಿಯಾದರೆ ಎದುರಿನವನಿಗೆ ಗೊತ್ತಾಗಿಬಿಡುತ್ತದೆ. ನನ್ನ ಕೈ ಕಲ್ಲಿನಂತೆ ಇರುತ್ತದೆ ಎಂದು ಆ ಯಜಮಾನರೇ ನಾಲ್ಕು ಜನರೆದುರು ಹೇಳಿದ್ದರು. ಆ ಮಾತಿನ ಮೇಲೆ ನಾನು ಎಷ್ಟು ವರ್ಷ ಬದುಕಿದ್ದೇನೋ.

ವರದಿ ಹಿಡಿದು ಹೋದಾಗ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ: “ದಿನಕ್ಕ ಬಾಳಿಹಣ್ಣು ಎಷ್ಟು ತಿಂತೀರಿ?”

“ರುಚಿ ನೋಡ್ಲಿಕ್ಕೆ ತಿಂದಿದ್ದು ಸೇರಿಸೇನ್ರಿ, ಬಿಟ್ಟೇನ್ರಿ?”

ಅವರು ಪೆನ್ನು ಕೆಳಗಿಟ್ಟರು. ಸದ್ಯಕ್ಕೆ ಒಂದೂ ಬೇಡ ಎಂದರು. ನಾನು ಎರಡು ಎಂದೆ. ಕೊನೆಗೆ, “ಆಗಾಗ ಅರ್ಧ. ಅದರ ಮ್ಯಾಲೆ ಮಾತಿಲ್ಲ. ಇದು ಬಜಾರಲ್ರೀ” ಎಂದು ಮುಗಿಸಿದರು. ಕಣ್ಣು, ಕಿಡ್ನಿ, ಕಾಲು ಎಂದು ಒಂದೊಂದಾಗಿ ಹೇಳಿ ಮಾತ್ರೆ ಬರೆದರು. ಮನೆಯಲ್ಲೇ ಸಕ್ಕರೆ ನೋಡಿಕೊಳ್ಳುವ ಮೀಟರ್ ಒಂದು ಖರೀದಿಸಿ ಎಂದದ್ದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಏನನ್ನಾದರೂ ತಗೊಳ್ಳಿ ಎಂದು ಎರಡು ಸಲ ಹೇಳುವವರ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ.

ಮಾತ್ರೆ ಶುರುಮಾಡಿ ಹತ್ತು ದಿನವಾಗಿತ್ತು. ಚಹಾಕ್ಕೆ ಸಕ್ಕರೆ ಇಲ್ಲ, ಬಾಳೆಹಣ್ಣು ಇಲ್ಲ, ಎರಡು ಜೋಳದ ರೊಟ್ಟಿ, ಪಲ್ಯ. ಅಂಥ ದಿನಗಳಲ್ಲೇ ಕಮಲಾಪುರದ ತೋಟ ಖರೀದಿಗೆ ಬಂತು. ಯಜಮಾನರು ಹಣ್ಣು ಸುಲಿದು ಕೊಟ್ಟರು. ನಾನು ಕಾಯಿಲೆಯ ವಿಷಯ ಹೇಳಲಿಲ್ಲ. ವ್ಯಾಪಾರಿ ಬಳಲಿದ್ದಾನೆ ಎಂದು ಗೊತ್ತಾದರೆ ದರ ಏರುತ್ತದೆ, ಇದು ನನ್ನ ತಿಳಿವಳಿಕೆ. “ದಾರ್‍ಯಾಗ ತಿಂತೀನಿ ಕಾಕಾ” ಎಂದು ಹಣ್ಣನ್ನು ಎಲೆಯಲ್ಲಿ ಸುತ್ತಿಟ್ಟುಕೊಂಡೆ. ಅವರು ನನ್ನನ್ನೊಮ್ಮೆ ನೋಡಿದರು. ಬೇಡ ಎನ್ನಲಿಲ್ಲವಲ್ಲ ಎಂದೋ ಏನೋ, ಟವೆಲ್ ಹಾಸಿದರು.

ಎರಡು ಸಲ ಬೆರಳು ಒತ್ತಿದ್ದೆವು, ಅಷ್ಟರಲ್ಲಿ ಶುರುವಾಯಿತು. ಮೊದಲು ಕಿವಿಯ ಹಿಂದೆ ಬೆವರು. ಆಮೇಲೆ ಎದೆ ಡವಡವ. ಆಮೇಲೆ ಕೈ. ನಾನು ಬೇಡವೆಂದರೂ ಕೇಳದೆ, ಟವೆಲ್ಲಿನ ಕೆಳಗೆ, ಅವರ ಬೆರಳುಗಳನ್ನು ಹಿಡಿದೇ ನನ್ನ ಕೈ ನಡುಗತೊಡಗಿತು. ಅವರು ಬೆರಳು ಬಿಡಲಿಲ್ಲ. ಇನ್ನೊಂದನ್ನು ಸೇರಿಸಿ ಒತ್ತಿ ದರ ಏರಿಸಿದರು. ನನಗೆ ಕೂಡಲೂ ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ. ಹೂಂ ಎಂದುಬಿಟ್ಟೆ.

“ಇವತ್ತ ತಿಳೀತು ಸಾವ್ಕಾರ್ರ, ನನ್ನ ತೋಟದ ಮ್ಯಾಲೆ ನಿಮಗ ಎಷ್ಟು ಆಸಿ ಅದ ಅಂತ” ಎಂದರು ನಗುತ್ತ. ಸುತ್ತ ನಿಂತವರೂ ನಕ್ಕರು.

ವಾಪಸು ಬರುವಾಗ ಟೆಂಪೊದಲ್ಲಿ ಆ ಹಣ್ಣು ತಿಂದೆ. ಮೇಲೆ ಇನ್ನೆರಡು ತಿಂದೆ. ಕಾಲು ಗಂಟೆಯಲ್ಲಿ ಕೈ ಮತ್ತೆ ಕಲ್ಲಾಯಿತು. ಆಗ ನಾನು ಮಾಡಿದ ತೀರ್ಮಾನ ಇದು: ಮಾತ್ರೆ ಜೋರಾಗಿದೆ, ಸಕ್ಕರೆ ಪಾತಾಳಕ್ಕೆ ಇಳಿಯುತ್ತಿದೆ. ಯಾರನ್ನೂ ಕೇಳದೆ ಮಾತ್ರೆಯನ್ನು ಅರ್ಧ ಮುರಿದೆ. ಅಂಗಿಯ ಜೇಬಿನಲ್ಲಿ ಬೆಲ್ಲದ ಚೂರು ಇಟ್ಟುಕೊಂಡೆ. ಕೈ ನಡುಗಿದಾಗೊಮ್ಮೆ ಬೆಲ್ಲ ಬಾಯಿಗೆ. ಅಷ್ಟೇ ಆಗಿದ್ದರೆ ನಡೆಯುತ್ತಿತ್ತು, ಮಾರ್ಕೆಟ್ಟಿನಲ್ಲಿ ಸಕ್ಕರೆ ಕಾಯಿಲೆ ಇದ್ದವರನ್ನೆಲ್ಲ ಹಿಡಿದು ನಿಲ್ಲಿಸಿ ಬುದ್ಧಿ ಬೇರೆ ಹೇಳಿದೆ. ಸಕ್ಕರೆ ಏರಿದರೆ ನಿಧಾನಕ್ಕೆ ತೊಂದರೆ, ಇಳಿದರೆ ಕೂಡಲೇ ಹೊಡೆತ, ಜೇಬಲ್ಲಿ ಬೆಲ್ಲ ಇಡ್ರಿ ಎಂದು. ಅರ್ಧ ಮಾತು ಸರಿಯಿತ್ತು. ಅರ್ಧ ಸರಿಯಿರುವ ಸಲಹೆಯಷ್ಟು ಬೇಗ ಹಬ್ಬುವುದು ಬೇರೆ ಇಲ್ಲ. ಅವರಲ್ಲಿ ಒಬ್ಬಿಬ್ಬರನ್ನು ಆಮೇಲೆ ಹುಡುಕಿ ಹೋಗಿ ನನ್ನ ಮಾತು ವಾಪಸ್ ತೆಗೆದುಕೊಂಡೆ. ಉಳಿದವರು ಸಿಗಲಿಲ್ಲ. ಅದೊಂದು ಈಗಲೂ ಚುಚ್ಚುತ್ತದೆ.

ನನ್ನನ್ನು ಹಿಡಿದುಕೊಟ್ಟದ್ದು ಇರುವೆಗಳು. ಬಚ್ಚಲಲ್ಲಿ ಒಗೆಯಲು ಹಾಕಿದ ಅಂಗಿಯ ಜೇಬಿಗೆ ಸಾಲು ಹಚ್ಚಿದ್ದವು. ಹೆಂಡತಿ ಅದನ್ನು ನೋಡಿದಳು. ಮಧ್ಯಾಹ್ನ ಹೋಗಿ ಮೀಟರ್ ತಂದಳು. ಮರುದಿನ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಕೈ ನಡುಗಿತು. ಜೇಬಿಗೆ ಕೈ ಹಾಕಿದೆ.

“ತಡೀರಿ. ಮೊದಲ ಬೆರಳು ಕೊಡ್ರಿ.”

“ಬಿದ್ದು ಸಾಯ್ತೀನಿ ಮಾರಾಯ್ತಿ!”

“ಸಾಯಂಗಿದ್ರ ನಂಬರ್ ನೋಡ್ಕೊಂಡು ಸಾಯ್ರಿ.”

ಚುಚ್ಚಿದಳು. ಎಪ್ಪತ್ತೋ ಅರವತ್ತೋ ಬರುತ್ತದೆ, ಆಗ ಇವಳಿಗೆ ಉತ್ತರ ಕೊಡಬೇಕು ಎಂದು ನಾನು ಸಿದ್ಧನಾಗಿದ್ದೆ. ಬಂದದ್ದು ನೂರ ಎಂಬತ್ತಾರು. ಮೀಟರ್ ಕೆಟ್ಟಿದೆ ಎಂದೆ. ಅವಳು ತನ್ನ ಬೆರಳು ಚುಚ್ಚಿಕೊಂಡಳು. ತೊಂಬತ್ತಾರು. ಮತ್ತೆ ನನ್ನ ಬೆರಳು. ಅದೇ ಆಸುಪಾಸು. ನನಗೆ ನಡುಕ ನಿಂತಿರಲಿಲ್ಲ, ನಂಬರು ಮಾತ್ರ ಜಗ್ಗಲಿಲ್ಲ.

ಅವತ್ತೇ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಮಾತ್ರೆ ಮುರಿದದ್ದಕ್ಕೆ ಅವರು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಬೈದು ಮುಗಿಸಿ ಹೇಳಿದರು: “ವರ್ಷಗಟ್ಟಲೆ ನಿಮ್ಮ ಮೈ ಮುನ್ನೂರರ ಮ್ಯಾಲೆ ನಡದದ. ಅದಕ್ಕ ಅದೇ ರೂಢಿ. ಈಗ ಸ್ವಲ್ಪ ಇಳದ್ರೂ ಬಿದ್ದಂಗ ಅನಸ್ತದ. ಬಿದ್ದಿಲ್ರೀ, ಇಳದದ ಅಷ್ಟ. ಕೆಲವು ವಾರ ತಡ್ಕೋರಿ, ಹೊಸದು ರೂಢಿ ಆಗ್ತದ.”

“ಹಂಗಾದ್ರ ನಡುಕ ಸುಳ್ಳೇನ್ರಿ?”

“ನಡುಕ ಖರೇನೇ. ಕಾರಣ ಬ್ಯಾರೆ. ಅದಕ್ಕ ಪ್ರತಿ ಸಲ ಮೀಟರ್ ನೋಡ್ರಿ. ಎಪ್ಪತ್ತಕ್ಕಿಂತ ಕೆಳಗ ಬಂದ್ರ ನನ್ನ ಮಾತು ನೆನಸ್ಕೋತ ಕೂಡಬ್ಯಾಡ್ರಿ, ತಕ್ಷಣ ಸಕ್ರಿ ಬಾಯಾಗ ಹಾಕ್ರಿ. ಮ್ಯಾಲಿದ್ರ ನೀರು ಕುಡದು ಸುಮ್ಮ ಕೂಡ್ರಿ.”

ಮನೆಗೆ ಬರುವಾಗ ನನಗೆ ನೆನಪಾದದ್ದು ಬೇರೆಯೇ. ಒಂದು ವರ್ಷ ಕೆಂಪು ಬಾಳೆಗೆ ಎಂದೂ ಕಾಣದ ದರ ಬಂದಿತ್ತು. ಮರುವರ್ಷ ದರ ಸರಿಯಾದ ಜಾಗಕ್ಕೆ ಬಂದಾಗ ತೋಟದವರು ಮುಳುಗಿಹೋದೆವು ಎಂದು ತಲೆ ಮೇಲೆ ಕೈಹೊತ್ತು ಕೂತಿದ್ದರು. ‘ಇದು ಬಿದ್ದಿದ್ದಲ್ಲ, ಇದೇ ಸರಿ ದರ’ ಎಂದು ಒಬ್ಬೊಬ್ಬರ ಕಟ್ಟೆಯ ಮೇಲೂ ಕೂತು ತಿಳಿಸಿ ಹೇಳಿದವನು ನಾನೇ. ಈಗ ನನ್ನ ಮೈ ಅದೇ ಕಟ್ಟೆಯ ಮೇಲೆ ಕೂತು ಗೋಳಾಡುತ್ತಿತ್ತು. ನಾನು ಅದು ಕೇಳಿದ್ದನ್ನೆಲ್ಲ ಕೊಡುತ್ತ ಬಂದಿದ್ದೆ. ಎದುರಿನವರು ಹೇಳಿದ ಮೊದಲ ದರಕ್ಕೆ ಎಂದೂ ಒಪ್ಪದವನು ನನ್ನ ಮೈ ಹೇಳಿದ್ದಕ್ಕೆ ಪ್ರತಿ ಸಲವೂ ಹೂಂ ಎಂದಿದ್ದೆ.

ಸುಮ್ಮನೆ ಕೂಡುವುದು ಹೇಳಿದಷ್ಟು ಸುಲಭವಲ್ಲ. ಮೊದಲ ವಾರ ದಿನಕ್ಕೆ ಎರಡು ಸಲ ನಡುಕ. ಮೀಟರು ನೂರ ಅರವತ್ತು ತೋರಿಸುತ್ತಿತ್ತು, ಎದೆ ‘ನೀನು ಹೋಗುತ್ತೀ’ ಎನ್ನುತ್ತಿತ್ತು. ಯಾರನ್ನು ನಂಬಬೇಕು? ಮೂವತ್ತು ವರ್ಷ ನಾನು ನಂಬಿದ್ದು ಒಳಗಿನ ಮಾತನ್ನೇ. ತೋಟವನ್ನು ಹೊರಗಿನಿಂದ ನೋಡಿ ಹೊಟ್ಟೆಯಲ್ಲಿ ಏನನ್ನಿಸುತ್ತದೋ ಅದರ ಮೇಲೆ ದರ ಕಟ್ಟಿದವನು. ಆ ಹೊಟ್ಟೆಯೇ ಸುಳ್ಳು ಹೇಳುತ್ತಿದೆ ಎಂದು ಒಪ್ಪಿಕೊಳ್ಳುವುದು ಸಕ್ಕರೆ ಬಿಡುವುದಕ್ಕಿಂತ ಕಠಿಣವಾಗಿತ್ತು.

ನನ್ನ ಹಣ್ಣು ಹೇರುವ ಟೆಂಪೊದ ಡ್ರೈವರು ಮೋಮಿನಪುರದವರು. ಒಂದು ದಿನ ದಾರಿಯಲ್ಲಿ ಗಾಡಿ ನಿಲ್ಲಿಸಿ ಎಂದೆ. ಬೇವಿನ ನೆರಳಲ್ಲಿ ಕೂತು ಬೆರಳು ಚುಚ್ಚಿಕೊಂಡೆ. ಅವರು ಪಕ್ಕಕ್ಕೆ ಬಂದು ಕುಕ್ಕುರುಗಾಲಲ್ಲಿ ಕೂತು ಮೀಟರ್ ಇಣುಕಿ ನೋಡಿದರು.

“ನೂರಾ ನಲವತ್ತಾ? ಕುಚ್ ನಹೀಂ ಸೇಠ್. ಹತ್ತು ಮಿನಿಟ್ ಕೂಡ್ರಿ, ಹೋಗ್ತದ. ನನಗೂ ಸುರುವಿಗೆ ಹಿಂಗೇ ಆಗಿತ್ತು.”

“ನಿಮಗೂ ಅದೇನು ಭಾಯ್?”

“ಹದಿನೆಂಟು ವರ್ಷ ಆಯ್ತು.”

“ಒಂದಿನಾನೂ ಹೇಳಲಿಲ್ಲಲ್ರೀ!”

“ನೀವು ಕೇಳ್ಬೇಕಲ್ಲ. ನೀವು ಎಲ್ಲರಿಗೂ ಹೇಳ್ತೀರಿ ಸೇಠ್, ಯಾರಿಗೂ ಕೇಳಲ್ಲ.”

ನಾನು ಬೇವಿನ ಬುಡಕ್ಕೆ ಒರಗಿದೆ. ಇಬ್ಬರೂ ಸುಮ್ಮನೆ ಕೂತೆವು. ಎದೆಯ ಡವಡವ ಮೆಲ್ಲಗೆ ಹಿಂದೆ ಸರಿಯಿತು. ತಾನಾಗಿಯೇ. ನಾನು ಏನನ್ನೂ ಕೊಡದೆ. ಅವತ್ತು ಮೊದಲ ಸಲ ಮೀಟರ್ ಹೇಳಿದ್ದು ನಿಜವೆಂದು ಒಳಗಿನಿಂದ ಅನ್ನಿಸಿತು.

ಎರಡು ತಿಂಗಳಾದ ಮೇಲೆ ಕಮಲಾಪುರದ ಯಜಮಾನರು ಬಾವಿಯ ಆಚೆಯ ತೋಟದ ಗೊನೆಗಳನ್ನು ಮಾರಾಟಕ್ಕೆ ಇಟ್ಟರು. ಅಷ್ಟರಲ್ಲಿ ನಡುಕ ವಾರಕ್ಕೊಮ್ಮೆಗೆ ಬಂದಿತ್ತು. ಆದರೂ ಹೋಗುವಾಗ ಟೆಂಪೊದಲ್ಲಿ ನನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಇವತ್ತೂ ನಡುಗಿದರೆ ಈ ಊರಲ್ಲಿ ನನ್ನ ಕೈಗೆ ಬೆಲೆ ಇಲ್ಲ. ಜೇಬಲ್ಲಿ ಸಕ್ಕರೆಯ ಪುಡಿಕೆ ಇತ್ತು, ನಂಬರು ಎಪ್ಪತ್ತರ ಕೆಳಗಿಳಿದರೆ ಇರಲಿ ಎಂದು. ಅದನ್ನು ಮೊದಲೇ ಬಾಯಿಗೆ ಹಾಕಿಕೊಂಡುಬಿಡಲೇ ಎಂದು ಮೂರು ಸಲ ಅನ್ನಿಸಿತು.

ಯಜಮಾನರು ಹಣ್ಣು ಸುಲಿದು ಚಾಚಿದರು. ನಾನು ಅದನ್ನು ಎರಡು ಮಾಡಿ ಅರ್ಧ ಅವರಿಗೇ ಕೊಟ್ಟೆ.

“ಯಾಕ್ರೀ, ಹಣ್ಣು ಛಲೋ ಇಲ್ಲೇನು?”

“ಹಣ್ಣು ಛಲೋ ಅದ ಕಾಕಾ. ನಾ ಛಲೋ ಇಲ್ಲ. ಸಕ್ರಿ ಬಂದದ.” ನಾಲ್ಕು ಜನರೆದುರು ಹೇಳಿದೆ. ಹೇಳುವವರೆಗೆ ಅದು ದೊಡ್ಡ ಮಾತಾಗಿತ್ತು. ಬೇರೆ ವ್ಯಾಪಾರಿಗಳು ಮುಖ ಮುಖ ನೋಡಿಕೊಂಡರು. ನನ್ನ ಅರ್ಧವನ್ನು ನಾನು ಕೂಡಲೇ ತಿನ್ನದೆ ಎಲೆಯ ಮೇಲಿಟ್ಟೆ.

ಟವೆಲ್ ಬಿತ್ತು. ಬೆರಳು ಒತ್ತಿದರು, ನಾನು ಒತ್ತಿದೆ. ನಾಲ್ಕನೆಯ ಸುತ್ತಿಗೆ ಕಿವಿಯ ಹಿಂದೆ ಬೆವರು ಒಡೆಯಿತು. ನನಗೆ ಗೊತ್ತಾಯಿತು, ಬಂತು. ಮೂವತ್ತು ವರ್ಷದಲ್ಲಿ ಮಾಡದ ಕೆಲಸ ಮಾಡಿದೆ. ವ್ಯವಹಾರದ ನಡುವೆ ಟವೆಲ್ಲಿನಿಂದ ಕೈ ತೆಗೆದೆ.

“ತಡೀರಿ ಕಾಕಾ.”

ಮೀಟರ್ ತೆಗೆದು ಬೆರಳು ಚುಚ್ಚಿಕೊಂಡೆ. ನೂರ ಇಪ್ಪತ್ತನಾಲ್ಕು. ಪುಡಿಕೆ ಜೇಬಲ್ಲೇ ಉಳಿಯಿತು. ನೀರು ತರಿಸಿ ಕುಡಿದು ಹಗ್ಗದ ಹೊರಸಿನ ಮೇಲೆ ಕೂತೆ. ಬಾವಿಯ ಮೋಟರಿನ ಸದ್ದು ಕೇಳುತ್ತಿತ್ತು. ಯಜಮಾನರು ತಮ್ಮ ಅರ್ಧ ಹಣ್ಣನ್ನು ತಿಂದು ಮುಗಿಸಿ, ನನ್ನ ಬೆರಳ ತುದಿಯ ರಕ್ತದ ಚುಕ್ಕೆಯನ್ನೇ ನೋಡುತ್ತ ಕೂತಿದ್ದರು. ಹತ್ತು ನಿಮಿಷವಾಯಿತೋ, ಹದಿನೈದೋ. ಕೈ ನಿಂತಿತು. ಮತ್ತೆ ಟವೆಲ್ಲಿನ ಕೆಳಗೆ ಚಾಚಿದೆ.

ಅವರು ಬೆರಳು ಹಿಡಿದರು. ಮೊದಲಿಗಿಂತ ಒಂದು ಕಡಿಮೆ. ನಾನು ಸುಮ್ಮನೆ ಕೂತದ್ದನ್ನು ಚೌಕಾಶಿ ಎಂದುಕೊಂಡರೋ, ಮನಸ್ಸು ಕರಗಿತೋ, ಇವತ್ತಿಗೂ ಗೊತ್ತಿಲ್ಲ. ನಾನು ಒಪ್ಪಿ ಒತ್ತಿದೆ.

“ಅಂದ್ರ ಹೋದ ಸಲ ನಡಗಿದ್ದು ನನ್ನ ತೋಟದ ಆಸಿಗಲ್ಲ” ಎಂದರು.

“ಅಲ್ರೀ ಕಾಕಾ.”

“ಹೋಗ್ಲಿ ಬಿಡ್ರಿ. ಆದ್ರ ಹೋದ ಸಲದ್ದು ವಾಪಸ್ ಕೇಳಬ್ಯಾಡ್ರಿ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಎಲೆಯ ಮೇಲಿದ್ದ ಅರ್ಧ ಹಣ್ಣನ್ನು ತೆಗೆದುಕೊಂಡು ನಿಧಾನಕ್ಕೆ ತಿಂದೆ. ಅವರು ಮೀಟರನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು.

“ಇದು ಎಷ್ಟಕ್ಕ ಬಂತ್ರೀ?”

“ನಮ್ಮ ಮನೆಯಾಕಿ ತಂದಾಳ. ಅಂಗಡಿಯಂವ ಹೇಳಿದ ದರಕ್ಕ.”

“ಹೇಳಿದ ದರಕ್ಕ? ನೀವು ಸುಮ್ಮ ಇದ್ರಿ?”

“ಸುಮ್ಮ ಇದ್ದೆ.”

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನನಗೆ ನಿಜವಾಗಿಯೂ ಕಾಯಿಲೆ ಬಂದಿದೆ ಎಂದು ಅವರು ನಂಬಿದ್ದು ಬಹುಶಃ ಆಗಲೇ.