ಗೋಲ್‌ಕೀಪರ್ ನಿಂಗರಾಜುವಿನ ರುಜು

ನಂಜನಗೂಡು ತಾಲ್ಲೂಕು ಕಚೇರಿಯ ಎದುರಿಗಿದ್ದ ಹೊಂಗೆಮರದ ಕೆಳಗೆ ಕೂತು ಅರ್ಜಿ ಬರೆಯುತ್ತಿದ್ದ ಚಾಮಯ್ಯನಿಗೆ ಎರಡು ಹೆಮ್ಮೆಗಳಿದ್ದವು. ಒಂದು, ಅವನು ಬರೆದ ಅರ್ಜಿ ಬರವಣಿಗೆಯ ತಪ್ಪಿಗಾಗಿ ಯಾವತ್ತೂ ವಾಪಸು ಬಂದಿರಲಿಲ್ಲ. ಇನ್ನೊಂದು, ಹೊಳೆದಂಡೆ ಫುಟ್‌ಬಾಲ್ ಸಂಘದ ಒಂದು ಮ್ಯಾಚನ್ನೂ ಅವನು ತಪ್ಪಿಸಿಕೊಂಡಿರಲಿಲ್ಲ. ಮದುವೆಯ ದಿನ ಕೂಡ ಧಾರೆ ಮುಗಿದ ತಕ್ಷಣ, ಫೋಟೋದವನನ್ನು ಕರೆದು ತರುತ್ತೇನೆಂದು ಹೋದವನು ಎರಡನೇ ಅರ್ಧ ಪೂರ್ತಿ ನೋಡಿಕೊಂಡು, ಗೆದ್ದ ಸುದ್ದಿಯೊಂದಿಗೆ ಬಂದಿದ್ದ. ಫೋಟೋದವನು ಬಂದಿರಲಿಲ್ಲ. ಹೆಂಡತಿ ಆ ಮಾತನ್ನು ಬದುಕಿಡೀ ಎತ್ತಿ ಆಡುತ್ತಿದ್ದಳು.

ಹಾಗೆಂದು ಅವನು ಆಟಗಾರನೇನಲ್ಲ. ಆಡಿದ್ದು ಒಂದೇ ಸಲ, ಅದೂ ಹನ್ನೊಂದು ಜನ ಭರ್ತಿಯಾಗದೆ ಇದ್ದಾಗ. ಚೆಂಡು ತನ್ನ ಕಡೆ ಬಂದಾಗ, ದೊಡ್ಡವರು ಬಂದರೆ ದಾರಿ ಬಿಡುವಂತೆ ಪಕ್ಕಕ್ಕೆ ಸರಿದು ನಿಂತನಂತೆ. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ. ಆದರೆ ಪೆನ್ನು ಹಿಡಿದವನು ಎಂಬ ಕಾರಣಕ್ಕೆ ಸಂಘದ ಕಾಗದಪತ್ರಗಳೆಲ್ಲ ಅವನ ಕೊರಳಿಗೆ ಬಿದ್ದವು. ಸಂಘ ರಿಜಿಸ್ಟರ್ ಆಗಿತ್ತು. ಒಂಬತ್ತು ಜನ ಸದಸ್ಯರು. ಪ್ರತಿ ಮಾರ್ಚಿನಲ್ಲಿ ಅವರೆಲ್ಲರ ಹೆಸರು, ವಿಳಾಸ, ರುಜು ಇರುವ ಪಟ್ಟಿಯೊಂದನ್ನು ಮೈಸೂರಿನ ಕಚೇರಿಗೆ ಕಳಿಸಬೇಕು.

ರುಜು ಹಾಕುವುದಕ್ಕೆ ಒಂಬತ್ತು ಜನರನ್ನು ಒಂದು ಕಡೆ ಸೇರಿಸುವುದು ಕಪ್ಪೆಗಳನ್ನು ತಕ್ಕಡಿಯಲ್ಲಿ ಕೂರಿಸಿದ ಹಾಗೆ. ಸೈಕಲ್ ಶಾಪಿನ ಶಿವಮಲ್ಲಪ್ಪ ಸಂಘದ ಅಧ್ಯಕ್ಷ. ಅವನೇ ಕೈ ಎಣ್ಣೆಯಾಗಿದೆ ಎಂದು ತಪ್ಪಿಸಿಕೊಳ್ಳುತ್ತಿದ್ದ. "ನೀನೇ ಆಕ್ಬುಡು ಚಾಮಣ್ಣ, ನಾವೇನ್ ಬ್ಯಾಡ ಅಂದೇವಾ?" ಎನ್ನುತ್ತಿದ್ದ. ಹೀಗೆ ಚಾಮಯ್ಯ ಒಂಬತ್ತೂ ಜನರ ರುಜು ಕಲಿತ. ಕಾನೂನಿನ ಲೆಕ್ಕದಲ್ಲಿ ಇದು ತಪ್ಪು, ಒಪ್ಪೋಣ. ಆದರೆ ಇದನ್ನು ಕೇಳಿ ಮೂಗು ಮುರಿಯುವವರು, ತಾವು ಓದುವಾಗ ತಮ್ಮ ಮಾರ್ಕ್ಸ್ ಕಾರ್ಡಿಗೆ ಅಪ್ಪನ ರುಜು ಹಾಕಿದ್ದು ಯಾರೆಂದು ಒಮ್ಮೆ ನೆನಪು ಮಾಡಿಕೊಳ್ಳಲಿ.

ಆ ಒಂಬತ್ತು ಜನರಲ್ಲಿ ನಾಲ್ಕನೆಯವನು ಗೋಲ್‌ಕೀಪರ್ ನಿಂಗರಾಜು. ಊರು ಟಿ. ನರಸೀಪುರ. ನಂಜನಗೂಡಿನ ರೈಸ್‌ಮಿಲ್ಲಿನಲ್ಲಿ ಕೆಲಸ, ಶನಿವಾರ ರಾತ್ರಿಯ ಊಟ ಚಾಮಯ್ಯನ ಮನೆಯಲ್ಲಿ. ಟಿ. ನರಸೀಪುರದ ಟೀಮಿನ ಮೇಲೆ ಆಡುವಾಗ ಸ್ವಂತ ಊರಿನವರೇ ಗೋಲಿನ ಹಿಂದೆ ನಿಂತು ಅವನನ್ನು ಬೈಯುತ್ತಿದ್ದರು. ಅವನು ತಿರುಗಿ ನೋಡಿ ನಗುತ್ತಿದ್ದ, ಚೆಂಡು ಮಾತ್ರ ಬಿಡುತ್ತಿರಲಿಲ್ಲ. ಚಾಮಯ್ಯನಿಗೆ ಅವನೆಂದರೆ ಜೀವ.

ತೊಂಬತ್ತನಾಲ್ಕರ ಜುಲೈನಲ್ಲಿ ಕಬಿನಿ ಡ್ಯಾಮಿನಿಂದ ನೀರು ಬಿಟ್ಟು ಕಪಿಲೆ ಕೆಂಪಗೆ ತುಂಬಿ ಹರಿಯುತ್ತಿದ್ದಾಗ, ಪ್ರಾಕ್ಟೀಸಿನ ಚೆಂಡು ಹೊಳೆಗೆ ಬಿತ್ತು. ಸಂಘಕ್ಕೆ ಇದ್ದದ್ದು ಅದೊಂದೇ ಚೆಂಡು. ನಿಂಗರಾಜು ಈಜು ಬಲ್ಲವನು. ಬೇಡ ಬೇಡ ಎನ್ನುತ್ತಿದ್ದಂತೆಯೇ ಹಾರಿದ. ಎರಡು ದಿನದ ಮೇಲೆ ಚೆಂಡು ಸಿಕ್ಕಿತು, ನಿಂಗರಾಜು ಸಿಗಲಿಲ್ಲ. ದೋಣಿಯವರು ಟಿ. ನರಸೀಪುರದ ಸಂಗಮದವರೆಗೂ ಹುಡುಕಿದರು. ಕಪಿಲೆ ಹೋಗಿ ಸೇರುವುದು ಅವನ ಊರಿಗೇ, ಆದರೂ ಅವನು ಊರು ಸೇರಲಿಲ್ಲ.

ಅವನ ಹೆಂಡತಿ ರುದ್ರಾಣಿಗೆ ಮರಣದ ಕಾಗದ ಬೇಕಾಯಿತು. ಅರ್ಜಿ ಬರೆದವನು ಚಾಮಯ್ಯನೇ. ಹೆಣ ಸಿಕ್ಕಿಲ್ಲ, ಏಳು ವರ್ಷ ಕಾಯಬೇಕು ಎಂದು ಕಚೇರಿಯವರು ಹೇಳಿ ಕಳಿಸಿದರು. ಮುಂದಿನ ಮಾರ್ಚಿನಲ್ಲಿ ಸಂಘದ ಪಟ್ಟಿ ಬರೆಯಲು ಕೂತಾಗ ನಾಲ್ಕನೇ ಹೆಸರಿನ ಹತ್ತಿರ ಚಾಮಯ್ಯನ ಕೈ ನಿಂತಿತು. ಸರ್ಕಾರವೇ ಸತ್ತಿದ್ದಾನೆ ಎನ್ನದಿರುವಾಗ ತಾನು ಹೇಗೆ ಹೊಡೆದುಹಾಕುವುದು? ಹೆಸರು ಬರೆದ. ಬರೆದ ಮೇಲೆ ರುಜು ಬೇಕಲ್ಲ, ಅದನ್ನೂ ಹಾಕಿದ. ಹೆಸರಿನ ಕೆಳಗೆ ಎರಡು ಗೀಟೆಳೆದು ಪಕ್ಕದಲ್ಲೊಂದು ಚುಕ್ಕೆ ಒತ್ತುವುದು ನಿಂಗರಾಜುವಿನ ಮಾದರಿ. ಚುಕ್ಕೆ ಒತ್ತುವಾಗ ಗೆಳೆಯ ಪಕ್ಕದಲ್ಲೇ ಬಂದು ಕೂತ ಹಾಗಾಯಿತು.

ನಿಜ ಹೇಳಬೇಕೆಂದರೆ, ಅಲ್ಲಿಂದ ಪ್ರತಿ ಮಾರ್ಚನ್ನೂ ಅವನು ಕಾಯತೊಡಗಿದ. ಒಂದೇ ಕೈ ರುದ್ರಾಣಿಗಾಗಿ ನಿಂಗರಾಜು ಸತ್ತನೆಂದು ಅರ್ಜಿ ಬರೆಯುತ್ತಿತ್ತು, ಸಂಘಕ್ಕಾಗಿ ಅವನು ಇದ್ದಾನೆಂದು ರುಜು ಹಾಕುತ್ತಿತ್ತು. ಎರಡು ಸಾವಿರದ ಒಂದರಲ್ಲಿ ಅಂತೂ ಮರಣದ ಕಾಗದ ಬಂತು. ಆಗಲಾದರೂ ಹೆಸರು ತೆಗೆಯಬಹುದಿತ್ತು. ಆದರೆ ತೊಂಬತ್ತನಾಲ್ಕರಲ್ಲಿ ಸತ್ತವನು ಇಷ್ಟು ವರ್ಷ ರುಜು ಹಾಕಿದ್ದು ಹೇಗೆಂದು ಯಾರಾದರೂ ಕೇಳಿದರೆ? ಹೆದರಿಕೆಯೂ ಇತ್ತು, ಪ್ರೀತಿಯೂ ಇತ್ತು. ಎರಡೂ ಸೇರಿ ಹೆಸರು ಹಾಗೇ ಉಳಿಯಿತು. ಪಟ್ಟಿಯನ್ನು ಬೇರೆ ಯಾರೂ ಓದುತ್ತಿರಲಿಲ್ಲ.

ಎರಡು ಸಾವಿರದ ಮೂರರ ಹೊತ್ತಿಗೆ ಸಂಘ ಏದುಸಿರು ಬಿಡುತ್ತಿತ್ತು. ಗೋಲಿನ ಬಲೆ ಹರಿದು, ಗೋಲಾಯಿತೋ ಹೊರಗೆ ಹೋಯಿತೋ ಎಂದು ಜಗಳವಾಗುತ್ತಿತ್ತು. ಹುಡುಗರು ಒಬ್ಬರ ಶೂ ಇನ್ನೊಬ್ಬರು ಹಾಕಿಕೊಂಡು ಆಡುತ್ತಿದ್ದರು. ಅಂಥ ಹೊತ್ತಿನಲ್ಲಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯವರು, ಇಡೀ ಕ್ಲಬ್ಬನ್ನೇ ತಾವು ವಹಿಸಿಕೊಳ್ಳುತ್ತೇವೆ ಎಂದು ಬಂದರು. ಹೊಸ ಜರ್ಸಿ, ಮೈಸೂರಿನಿಂದ ಕೋಚ್, ಮೈದಾನಕ್ಕೆ ಬೇಲಿ, ಬೆಂಗಳೂರಿನ ಲೀಗಿನಲ್ಲಿ ಆಡುವ ಅವಕಾಶ, ನೋಡುವವರಿಗೆ ಶೀಟು ಹೊದಿಸಿದ ಮೆಟ್ಟಿಲು. ಊರಿಗೆ ಊರೇ ಕುಣಿಯಿತು. ಇಪ್ಪತ್ತು ವರ್ಷದಿಂದ ಮೈದಾನದ ಅಂಚಿನಲ್ಲಿ ಚುರುಮುರಿ ಮಾರುತ್ತ, ಎದುರು ಪಾರ್ಟಿಯವರಿಗೆ ಚುರುಮುರಿಯ ಜೊತೆ ಬೈಗುಳವನ್ನೂ ಕಟ್ಟಿಕೊಡುತ್ತಿದ್ದ ಪುಟ್ಟಮಾದಮ್ಮ, "ನಮ್ ಕಿಲಬ್ಬು ಬೆಂಗ್ಳೂರ್ಗೋಯ್ತದಂತೆ ಕಣ್ರಪ್ಪಾ, ನಾನೂ ಗಂಟುಮೂಟೆ ಕಟ್ದೆ" ಎಂದು ಸಾರಿಕೊಂಡು ಬಂದಳು.

ಫ್ಯಾಕ್ಟರಿಯವರದು ಒಂದೇ ಷರತ್ತು. ಕಾಗದ ಸರಿಯಾಗಿರಬೇಕು. ಇಲ್ಲದಿದ್ದರೆ ಮೈಸೂರಿನ ಇನ್ನೊಂದು ಕ್ಲಬ್ ಬಾಗಿಲಲ್ಲೇ ನಿಂತಿದೆ. ಕಾನೂನು ನೋಡುವ ಆಫೀಸರು ಚಾಮಯ್ಯನ ಫೈಲು ತಿರುವಿಹಾಕಿ, "ಇಷ್ಟು ಅಚ್ಚುಕಟ್ಟಾದ ಫೈಲನ್ನು ನಾನು ಮೈಸೂರಲ್ಲೂ ನೋಡಿಲ್ಲ" ಎಂದಾಗ ಚಾಮಯ್ಯನಿಗೆ ಹೊಗಳಿಕೆಯ ಜೊತೆಗೆ ಸಣ್ಣದೊಂದು ಬೆವರೂ ಬಂತು. ಒಂಬತ್ತೂ ಸದಸ್ಯರು ರುಜು ಹಾಕಿದ ಒಪ್ಪಿಗೆ ಪತ್ರ ಬೇಕೆಂದರು. ಆ ರಾತ್ರಿ ಚಾಮಯ್ಯ ಹೆಂಡತಿಗೂ ಹೇಳದೆ ಯೋಚಿಸಿದ. ನಿಜ ಹೇಳಿದರೆ ಕ್ಲಬ್ಬಿಗೆ ಬಂದ ಭಾಗ್ಯ ಕೈತಪ್ಪುತ್ತದೆ. ಇದೊಂದೇ ಸಲ, ಆಮೇಲೆ ಕ್ಲಬ್ ಅವರದು, ಪಟ್ಟಿಯೂ ಅವರದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ನಾಲ್ಕನೇ ರುಜು ಹಾಕಿದ.

ಹಸ್ತಾಂತರದ ಶನಿವಾರ ಮಧ್ಯಾಹ್ನ ಮೈದಾನದಲ್ಲಿ ಶಾಮಿಯಾನ ಎದ್ದಿತ್ತು. ಐದಾರು ನೂರು ಜನ ಸೇರಿದ್ದರು. ಫ್ಯಾಕ್ಟರಿಯ ಜೀಪಿನಿಂದ ಜರ್ಸಿಯ ಪೆಟ್ಟಿಗೆಗಳನ್ನು ಇಳಿಸಿ ಮೇಜಿನ ಮೇಲಿಟ್ಟಾಗ ಹುಡುಗರು ಮುಟ್ಟಿ ಮುಟ್ಟಿ ನೋಡಿದರು. ಶಿವಮಲ್ಲಪ್ಪ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು, ಕೈಯಲ್ಲಿ ಒಂದು ಲಕೋಟೆ ಬೀಸುತ್ತ ಬಂದ.

"ನೋಡ್ದಾ ಚಾಮಣ್ಣ, ರಿಜಿಸ್ಟರ್ ಪೋಸ್ಟು! ಒಪ್ಪಿಗೆ ಪತ್ರದ ನಕಲು ಒಳ್ಗಡೆ ಅದೆ. ಎಲ್ಲಾ ಮೆಂಬರ್‌ಗೂ ಅವ್ರವ್ರ ಅಡ್ರೆಸ್ಸಿಗೇ ಕಳ್ಸವ್ರೆ. ಕಂಪನಿ ಅಂದ್ರೆ ಕಂಪನಿ ಕಣಪ್ಪ!"

ಎಲ್ಲರಿಗೂ ಎಂದರೆ ನಾಲ್ಕನೆಯವನಿಗೂ. ಪಟ್ಟಿಯಲ್ಲಿದ್ದ ನಿಂಗರಾಜುವಿನ ವಿಳಾಸ ಟಿ. ನರಸೀಪುರದ ಅವನ ಮನೆಯದು, ಅಲ್ಲಿ ಈಗಲೂ ರುದ್ರಾಣಿ ಇದ್ದಾಳೆ. ಚಾಮಯ್ಯ ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿನ ಕಡೆ ಹೊರಟ. ಈಗಲೇ ಹೋಗಿ ಲಕೋಟೆ ಇಸಿದುಕೊಂಡರೆ ಏನಾದರೂ ಹೇಳಿ ಸಂಭಾಳಿಸಬಹುದು ಎಂಬ ಆಸೆ. ಮೈದಾನದ ಅಂಚನ್ನು ದಾಟುವುದಕ್ಕೆ ಮೊದಲೇ ರುದ್ರಾಣಿ ಎದುರಿಗೆ ಬಂದಳು. ಕೈಯಲ್ಲಿ ಲಕೋಟೆ ಇತ್ತು.

ಅವನು ಮೊದಲು ನೋಡಿದ್ದು ಲಕೋಟೆಯನ್ನಲ್ಲ, ಅವಳ ಹಣೆಯನ್ನು. ಏಳು ವರ್ಷ ಗಂಡ ಬರುತ್ತಾನೆಂದು ಕುಂಕುಮ ಇಟ್ಟುಕೊಂಡೇ ಇದ್ದವಳಿಗೆ, ಮರಣದ ಕಾಗದ ಬಂದ ವರ್ಷ ಹಿರಿಯರು ಹೇಳಿ ಅದನ್ನು ಅಳಿಸಿದ್ದರು. ಈ ಎರಡು ವರ್ಷ ಅವಳ ಹಣೆ ಬರಿದಾಗಿತ್ತು. ಇವತ್ತು ಅಲ್ಲಿ ಕಾಸಗಲದ ಕುಂಕುಮವಿತ್ತು. ಹೀಗಾದೀತೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಎಲ್ಲವ್ರೆ ಚಾಮಣ್ಣ? ನಿಮ್ಗೊತ್ತಿದ್ದೂ ನಂಗೇಳ್ಲಿಲ್ವಲ್ಲಾ! ಎಲ್ಲವ್ರೆ ಏಳಿ?"

ಉತ್ತರಕ್ಕೂ ಕಾಯದೆ ಅವಳು ಅವನನ್ನು ದಾಟಿಕೊಂಡು ನೇರ ಶಾಮಿಯಾನದೊಳಗೆ ಹೋಗಿ, ಆಫೀಸರ ಮುಂದೆ ಲಕೋಟೆ ಹಿಡಿದಳು. ಅದರಲ್ಲಿದ್ದ ಇಂಗ್ಲಿಷು ಅವಳಿಗೆ ತಿಳಿದಿರಲಿಲ್ಲ, ರುಜು ತಿಳಿದಿತ್ತು.

"ಇದು ನನ್ ಯಜಮಾನ್ರ ರುಜು ಸಾ. ನಿಮ್ ಮುಂದೆ ಆಕುದ್ರಾ? ಎಂಗವ್ರೆ ಅವ್ರು?"

ಆಫೀಸರು ಪತ್ರ ನೋಡಿದರು, ಅವಳನ್ನು ನೋಡಿದರು. "ಯಾಕಮ್ಮ, ನಿಮ್ಮ ಯಜಮಾನರು ಮನೆಯಲ್ಲಿಲ್ಲವೇ?"

"ಒಂಬತ್ ವರ್ಸ ಆಯ್ತು ಸಾ, ಒಳೇಲಿ ಓಗಿ. ಸತ್ತವ್ರೆ ಅಂತ ಸರ್ಕಾರ್ದೋರೇ ಕಾಗ್ದ ಕೊಟ್ಟವ್ರೆ. ನೀವು ನೋಡುದ್ರೆ ಸೈನ್ ಆಕವ್ರೆ ಅಂತ ಕಳ್ಸಿದ್ದೀರಿ. ಅದ್ನೇ ಕೇಳಕೆ ಬಂದಿವ್ನಿ."

ಆಫೀಸರು ಫೈಲು ತೆರೆದು ಹಳೆಯ ಪಟ್ಟಿಗಳನ್ನು ಒಂದೊಂದಾಗಿ ಮಗುಚಿದರು. ತೊಂಬತ್ತೈದು, ತೊಂಬತ್ತಾರು, ತೊಂಬತ್ತೇಳು. ಪ್ರತಿ ಹಾಳೆಯಲ್ಲೂ ನಾಲ್ಕನೇ ಸಾಲಿನಲ್ಲಿ ಎರಡು ಗೀಟು, ಒಂದು ಚುಕ್ಕೆ. ಫೈಲು ಮುಚ್ಚಿದರು. "ಸತ್ತವರ ಹೆಸರಲ್ಲಿ ಸಂಘ ನಡೆಸುವವರ ಜೊತೆ ನಮ್ಮ ಕಂಪನಿ ಕೈಜೋಡಿಸುವುದಿಲ್ಲ" ಎಂದು ಇಂಗ್ಲಿಷಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳಿ ಎದ್ದರು. ಶಿವಮಲ್ಲಪ್ಪ ಕೈಮುಗಿದುಕೊಂಡು ಹಿಂದೆ ಹೋದ. ಪುಟ್ಟಮಾದಮ್ಮ ಜೀಪಿಗೆ ಅಡ್ಡ ನಿಂತಳು. ಏನೂ ನಡೆಯಲಿಲ್ಲ. ಇಳಿಸಿದ ಜರ್ಸಿಯ ಪೆಟ್ಟಿಗೆಗಳು ಹುಡುಗರ ಕಣ್ಣೆದುರೇ ಮತ್ತೆ ಜೀಪು ಹತ್ತಿದವು. ಎಲ್ಲ ಸೇರಿ ಕಾಲು ಗಂಟೆಯೂ ಆಗಿರಲಿಲ್ಲ.

ಜೀಪು ಮರೆಯಾದ ಮೇಲೆ ಜನಕ್ಕೆ ಬಾಯಿ ಬಂತು. "ಅಲ್ಲಾ, ಒಂದ್ ರುಜುಗೆ ಕಿಲಬ್ಬೇ ಬುಟ್ಟೋಗದಾ?" "ಕೊಡೋ ಮನ್ಸಿದ್ರೆ ಬುಡ್ತಿದ್ರಾ? ಮೈಸೂರ್ನೋರ್ಗೆ ಕೊಡಕೆ ನೆಪ ಬೇಕಿತ್ತು." "ಇನ್ ನಮ್ ಮೈದಾನ್ದಲ್ಲಿ ದನ ಮೇಯ್ಸದೇ ಸೈ." ಯಾರೋ ಶಾಮಿಯಾನದ ಗೂಟ ಕಿತ್ತೆಸೆದರು. ಟೀಮಿನ ಹುಡುಗನೊಬ್ಬ ನೆಲದ ಮೇಲೆ ಕೂತು ಗಟ್ಟಿಯಾಗಿ ಅಳುತ್ತಿದ್ದ. ಕಂಪನಿಯನ್ನು ಬೈದು ಮುಗಿದ ಮೇಲೆ ಎಲ್ಲರ ಕಣ್ಣು ಚಾಮಯ್ಯನ ಕಡೆ ತಿರುಗಿತು. ಇಪ್ಪತ್ತು ವರ್ಷ ಚಾಮಣ್ಣ ಎಂದೇ ಕರೆದಿದ್ದ ಶಿವಮಲ್ಲಪ್ಪ ಅವನ ಕೊರಳಪಟ್ಟಿ ಹಿಡಿದ.

"ಸತ್ತೋನ್ ರುಜು ಯಾಕ್ಲಾ ಆಕ್ದೆ? ನಮ್ ರುಜು ಆಕು ಅಂದುದ್ದು ನಿಜ ಕಣ್ಲಾ, ಸತ್ತೋನ್ದು ಆಕು ಅಂದಿದ್ವಾ? ಇಷ್ಟ್ ಜನುದ್ ಬಾಯ್ಗೆ ಮಣ್ಣಾಕ್ಬುಟ್ಯಲ್ಲೋ!"

ಚಾಮಯ್ಯ ಬಿಡಿಸಿಕೊಳ್ಳಲಿಲ್ಲ. ಹೊಡೆದರೂ ಹೊಡೆಸಿಕೊಳ್ಳುವವನೇ. ಕ್ಲಬ್ ಹೋದ ಸಂಕಟ ಅವನಿಗಿಂತ ಹೆಚ್ಚು ಅಲ್ಲಿ ಯಾರಿಗೂ ಇರಲಿಲ್ಲ. ಆದರೆ ಅಷ್ಟರಲ್ಲಿ ರುದ್ರಾಣಿ ಜನರನ್ನು ಸರಿಸಿಕೊಂಡು ಬಂದಿದ್ದಳು.

"ಯಾರ್ನ ಸತ್ತೋನು ಅಂತಿದ್ದೀರಿ?" ಎಂದಳು. ಅವಳ ದನಿಯಲ್ಲಿ ಕೋಪವಿತ್ತು. "ಸತ್ತೋರು ಸೈನ್ ಆಕ್ತಾರಾ?"

"ನಾನ್ ಆಕುದ್ದು ಕಣವ್ವ" ಎಂದ ಚಾಮಯ್ಯ. "ಎಲ್ಲಾನೂ ನಾನೇ ಆಕುದ್ದು. ಅವ್ನಿಲ್ಲ."

"ಸುಳ್ ಏಳ್ಬ್ಯಾಡಿ. ಮದ್ವೆ ಆದಾಗಿಂದ ನೋಡಿವ್ನಿ, ನನ್ ಗಂಡನ್ ರುಜು ನಂಗೊತ್ತಿಲ್ವಾ? ಎಲ್ಲೋ ಸಾಲ ಮಾಡ್ಕಂಡು ತಲೆ ತಪ್ಪಿಸ್ಕಂಡವ್ರೆ. ನಾನೇನೂ ಅನ್ನಲ್ಲ ಅನ್ನಿ. ಬಂದ್ರೆ ಸಾಕು ಅನ್ನಿ. ನೀವು ಏಳುದ್ರೆ ಬತ್ತಾರೆ."

ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಆಣೆ ಮಾಡಿದ, ನಂಬಲಿಲ್ಲ. ಉಳಿದದ್ದು ಒಂದೇ ದಾರಿ. ಚಾಮಯ್ಯ ಜೇಬಿನಿಂದ ಪೆನ್ನು ತೆಗೆದು, ಅವಳ ಕೈಯಿಂದ ಲಕೋಟೆ ಇಸಿದುಕೊಂಡು, ಮೊಣಕಾಲೂರಿ ಕೂತು, ತೊಡೆಯ ಮೇಲಿಟ್ಟುಕೊಂಡು ಬರೆದ. ಕೈ ನಡುಗಬೇಕಿತ್ತು. ನಡುಗಲಿಲ್ಲ, ಅಷ್ಟು ವರ್ಷದ ರೂಢಿ. ನಿಂಗರಾಜು. ಕೆಳಗೆ ಒಂದು ಗೀಟು, ಇನ್ನೊಂದು ಗೀಟು, ಪಕ್ಕದಲ್ಲಿ ಚುಕ್ಕೆ.

ರುದ್ರಾಣಿ ಪತ್ರದ ರುಜು ನೋಡಿದಳು, ಲಕೋಟೆಯ ರುಜು ನೋಡಿದಳು. ಮತ್ತೆ ಪತ್ರ, ಮತ್ತೆ ಲಕೋಟೆ. ಶಿವಮಲ್ಲಪ್ಪ ತಲೆ ತಗ್ಗಿಸಿ ಹಿಂದೆ ಸರಿದ. ಪುಟ್ಟಮಾದಮ್ಮ ಚೊಂಬಿನಲ್ಲಿ ನೀರು ತಂದು ಅವಳ ಕೈಗೆ ಕೊಟ್ಟಳು. ರುದ್ರಾಣಿ ಕುಡಿಯಲಿಲ್ಲ. ಸೆರಗಿನ ತುದಿಯನ್ನು ಆ ನೀರಿನಲ್ಲಿ ಅದ್ದಿ, ಅಷ್ಟೂ ಜನರ ಎದುರಿಗೆ, ಹಣೆ ಒರೆಸಿಕೊಂಡಳು.

"ಒಂದ್ಸಲ ಒಳೆ ತಕಂಡೋಗಿತ್ತು ಕಣಣ್ಣ" ಎಂದಳು. "ಇವತ್ತು ನೀವ್ ತಕಂಡೋದ್ರಿ."

ಆಮೇಲೆ ಚೊಂಬನ್ನು ವಾಪಸು ಕೊಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಕ್ಲಬ್ಬಿಗಾಗಿ ಕೂಗಾಡಿದ್ದ ಜನವೆಲ್ಲ ಅವಳನ್ನು ಬಸ್ಸು ಹತ್ತಿಸಲು ಹಿಂದೆ ಹೋಯಿತು. ಚಾಮಯ್ಯ ಮಾತ್ರ ಮೊಣಕಾಲೂರಿದ್ದಲ್ಲಿಂದ ಏಳಲಿಲ್ಲ. ನಿಂಗರಾಜು ಸತ್ತುಹೋದನೆಂದು ಅವನು ಮೊದಲ ಸಲ ಅತ್ತಿದ್ದು ಅಲ್ಲಿಯೇ.