ಓಡದೆ ನಿಂತ ಚಾಲುಕ್ಯ

ಹೋದ ವಾರ ನಿಮ್ಮಲ್ಲಿ ಚಿಕ್ಕವಳು ಶಾಲೆಗೆಂದು ರಟ್ಟಿನ ಚರ್ಚು ಕಟ್ಟಿ, ಅದರ ಗಂಟೆಗೆ ಬಂಗಾರದ ಬಣ್ಣ ಹಚ್ಚಿದಳು. ಆ ವಾಸನೆ ಅಡುಗೆಮನೆಗೆ ಬಂದದ್ದೇ ನಾನು ಒಲೆ ಆರಿಸಿ ಕೂತುಬಿಟ್ಟೆ. ಟೀಚರಮ್ಮನ ಮನೆಯಲ್ಲಿ ಚೋಳರಾಜನ ಕಿರೀಟ ಒಣಗುವಾಗ ಬರುತ್ತಿದ್ದದ್ದು ಅದೇ ವಾಸನೆ...

ಆಗ ನಾವು ವೆಸ್ಟ್ ಕೊವಿನಾದಲ್ಲಿದ್ದೆವು; ನಾನು ಊರು ಬಿಟ್ಟು ಈ ದೇಶಕ್ಕೆ ಬಂದ ಹೊಸತು. ನಿಮ್ಮ ಅಜ್ಜ ತೀರಿಕೊಂಡು ವರ್ಷವಾಗಿರಲಿಲ್ಲ. ಇಂಗ್ಲಿಷ್ ಬಾರದ ನಾನು ಯಾರು ಬೆಲ್ ಒತ್ತಿದರೂ ಬಾಗಿಲು ತೆಗೆಯುತ್ತಿರಲಿಲ್ಲ. ಪಕ್ಕದ ಮನೆಯ ಟೀಚರಮ್ಮ ತಮಿಳರು. ಬೆಂಗಳೂರಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ಮಗಳ ಬಳಿಗೆ ಬಂದವರು. ಹಗಲು ಹೊತ್ತು ನನ್ನೊಂದಿಗೆ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. ಬೆಳಿಗ್ಗೆ ಅವರು ಬಂದು ಕರೆದರಷ್ಟೇ ನಾನು ವಾಕಿಂಗ್‌ಗೆ ಹೊರಬೀಳುತ್ತಿದ್ದೆ.

ಆ ಬೇಸಿಗೆ ರಜೆಯಲ್ಲಿ ಅವರು ಅಪಾರ್ಟ್‌ಮೆಂಟಿನ ಮಕ್ಕಳಿಂದ ರಾಜಾಧಿರಾಜ ಚೋಳನ ನಾಟಕ ಆಡಿಸಲು ಹೊರಟರು. ಅವರ ಏಳು ವರ್ಷದ ಮೊಮ್ಮಗಳು ಚೋಳ. ನಿಮ್ಮಲ್ಲಿ ದೊಡ್ಡವಳು ಕಲ್ಯಾಣದ ಚಾಲುಕ್ಯ ಸೋಮೇಶ್ವರ. ಬಟ್ಟೆ ಹೊಲಿಯುವ ಕೆಲಸ ನನ್ನದು. ಕೊನೆಗೆ ಕೊಪ್ಪಂ ಯುದ್ಧ. ಚೋಳ ಆನೆ ಏರಿ ಬರುತ್ತಾನೆ, ಚಾಲುಕ್ಯ ಓಡುತ್ತಾನೆ.

ನಾನು ಹುಟ್ಟಿ ಬೆಳೆದದ್ದು ಆ ಚಾಲುಕ್ಯರ ಸೀಮೆಯಲ್ಲಿ. ನಮ್ಮೂರ ಶಾಲೆಯ ಮಗ್ಗುಲಲ್ಲಿ ಒಂದು ವೀರಗಲ್ಲಿತ್ತು. ಚೋಳರು ಊರು ಸುಟ್ಟಾಗ ಅವರನ್ನು ತಡೆಯಲು ಹೋಗಿ ಸತ್ತವನದು ಎಂದು ಮಾಸ್ತರು ಹೇಳುತ್ತಿದ್ದರು. ಅಮಾವಾಸ್ಯೆಗೊಮ್ಮೆ ಅವ್ವ ನನ್ನ ಕೈಯಿಂದ ಅದಕ್ಕೆ ಎಣ್ಣೆ ಹಚ್ಚಿಸುತ್ತಿದ್ದಳು.

"ಕೊಪ್ಪಂದಾಗ ನಿಮ್ಮ ರಾಜಾ ಆನಿ ಮ್ಯಾಲೇ ಸತ್ತಾನಲ್ರಿ. ಅದನ್ಯಾಕ ಬಿಟ್ರಿ?" ಎಂದೆ, ಸೂಜಿಯಿಂದ ಕಣ್ಣೆತ್ತದೆ.

"ಸತ್ತ. ತಮ್ಮ ಅಲ್ಲೇ ಪಟ್ಟ ಕಟ್ಕೊಂಡು ನಿಮ್ಮೋರನ್ನ ಓಡಿಸಿದ. ಅದೂ ಶಾಸನದಲ್ಲಿದೆ ನೋಡಿ. ಮಕ್ಕಳ ನಾಟಕದಲ್ಲಿ ಸಾವು ಬೇಡ ಅಂತ ಬಿಟ್ಟೆ."

"ಸಾವು ಬ್ಯಾಡ, ನಮ್ಮಾಂವ ಓಡೂದು ಬೇಕು?"

"ಹಳ್ಳಿ ಸ್ಕೂಲಲ್ಲಿ ಯಾರೋ ಮೇಷ್ಟ್ರು ಕಥೆ ಹೇಳಿರ್ತಾರೆ. ಕಥೆ ಬೇರೆ, ಹಿಸ್ಟ್ರಿ ಬೇರೆ ರೀ," ಎಂದು ನಕ್ಕರು.

ಮರುದಿನದಿಂದಲೇ ನಾನು ಶುರುಮಾಡಿದೆ. ದೊಡ್ಡವಳಿಗೆ ದಿನಾ ತಲೆ ಬಾಚುವಾಗ ಗುಟ್ಟಾಗಿ ಕಲಿಸಿದೆ. ಓಡಬ್ಯಾಡ, ನಿಲ್ಲು, ಬಾಣ ಬಿಡು, ಚೋಳ ಸತ್ತ ಅಂತ ಒದರು.

"ಪಾಟಿ ವಿಲ್ ಬಿ ಮ್ಯಾಡ್, ಅಜ್ಜಿ." ಟೀಚರಮ್ಮನನ್ನು ಮಕ್ಕಳೆಲ್ಲ ತಮಿಳಿನಲ್ಲಿ ಪಾಟಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು.

"ಆಗ್ಲಿ."

ನಾಟಕದ ದಿನ, ಚಕ್ರದ ಕುರ್ಚಿಗೆ ಬೂದು ಚಾದರ ಹೊದಿಸಿದ ಆನೆಯ ಮೇಲೆ ಚೋಳನಾದ ಆ ಹುಡುಗಿ ಬಂದಳು. ನಮ್ಮವಳು ಓಡಲಿಲ್ಲ. ತುದಿಗೆ ಹತ್ತಿ ಸುತ್ತಿದ ಬಾಣ ಬಿಟ್ಟು, "ಡೆಡ್, ಚೋಳ ಈಸ್ ಡೆಡ್" ಎಂದು ಕೂಗಿದಳು. ಜನ ಬಿದ್ದು ಬಿದ್ದು ನಕ್ಕರು. ಸಾಯಬೇಕೋ ಬದುಕಬೇಕೋ ತಿಳಿಯದೆ ಆ ಹುಡುಗಿ ತನ್ನ ಅಜ್ಜಿಯ ಕಡೆ ನೋಡಿದಳು. ನಗು ಇನ್ನೂ ಜೋರಾಯಿತು. ಕುರ್ಚಿಯಿಂದ ಇಳಿದು ಬಿಕ್ಕುತ್ತಾ ಒಳಗೆ ಓಡಿದಳು.

ಟೀಚರಮ್ಮ ನೇರ ನನ್ನ ಬಳಿಗೆ ಬಂದರು. "ಹೇಳಿಕೊಟ್ಟಿದ್ದು ನೀವು ತಾನೆ?"

"ಹೌದ್ರಿ." ತಲೆಯೆತ್ತಿ ಹೇಳಿದೆ. ನಿಜ ಹೇಳುತ್ತೇನೆ, ಆಗ ನನಗೆ ಖುಷಿಯಾಗಿತ್ತು.

"ಒಂಬೈನೂರು ವರ್ಷದ ಸೇಡು. ಏಳು ವರ್ಷದ ಮಗು ಮೇಲೆ ತೀರಿಸ್ಕೊಂಡ್ರಿ."

ಮರುದಿನ ಬೆಳಿಗ್ಗೆ ಸೀರೆ ಉಟ್ಟು, ಶೂ ಹಾಕಿ ಕಾದೆ. ಅವರು ಬರಲಿಲ್ಲ. ಆಮೇಲೂ ಬರಲಿಲ್ಲ. ಅವರ ಮಗಳಿಗೆ ಸ್ಯಾನ್ ಡಿಯೇಗೊದ ಟೊರ್ರಿ ಪೈನ್ಸ್‌ನಲ್ಲಿ ಕೆಲಸ ಸಿಕ್ಕಿ ಎಲ್ಲರೂ ಅಲ್ಲಿಗೆ ಹೋದರು.

ಮೂರು ವರ್ಷದ ಮೇಲೆ ನಿಮ್ಮಪ್ಪ ನನ್ನನ್ನು ಅವರ ಮನೆಗೆ ಕರೆದೊಯ್ದ. ಕಾರಿನಲ್ಲಿ ದಾರಿಯುದ್ದಕ್ಕೂ 'ತಪ್ಪಾಯ್ತು' ಎನ್ನುವುದನ್ನು ಬಾಯಿಪಾಠ ಮಾಡುತ್ತಾ ಹೋಗಿದ್ದೆ. ಅವರು ಸೋಫಾದ ಮೂಲೆಯಲ್ಲಿ ಸೊರಗಿ ಕೂತಿದ್ದರು. ನನ್ನ ಮುಖ ನೋಡದೆ, ನನಗೆ ಕಾಫಿ ಬೇಕೇ ಕೇಳು ಎಂದು ಮಗಳಿಗೆ ತಮಿಳಿನಲ್ಲಿ ಹೇಳಿದರು. ಕನ್ನಡ ಮರೆತಿದ್ದ ಮಗಳು ಮುಜುಗರಪಟ್ಟುಕೊಂಡು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದಳು. ಅಲ್ಲಿದ್ದ ಒಂದು ಗಂಟೆಯಲ್ಲಿ ಅವರ ಬಾಯಿಂದ ಒಂದೇ ಒಂದು ಕನ್ನಡದ ಮಾತು ಬರಲಿಲ್ಲ. ನನಗೆ ಮತ್ತೆ ಸಿಟ್ಟು ಬಂತು. ಕಲಿತು ಹೋದದ್ದನ್ನು ಆಡದೆ ಎದ್ದು ಬಂದೆ.

ಈ ಚಳಿಗಾಲದಲ್ಲಿ ಟೀಚರಮ್ಮ ತೀರಿಹೋದರೆಂದು ಫೋನ್ ಬಂತು.

ಈಗಲೂ ಹೇಳುತ್ತೇನೆ, ಚೋಳ ಆನೆಯ ಮೇಲೆಯೇ ಸತ್ತ. ಅವನ ತಮ್ಮ ನಮ್ಮವರನ್ನು ಓಡಿಸಿದ್ದೂ ಇರಬಹುದು... ಅದನ್ನು ಯಾರೆದುರು ಒಪ್ಪಿಕೊಳ್ಳಲಿ? ನೀವು 'ಓಕೆ ಅಜ್ಜಿ' ಎಂದು ಎದ್ದು ಹೋಗುತ್ತೀರಿ. ಇಲ್ಲಿ ನನ್ನೊಡನೆ ಕೂತು ಜಗಳವಾಡುವಷ್ಟು ಕನ್ನಡವೂ ಪುರುಸೊತ್ತೂ ಇದ್ದವರು ಅವರೊಬ್ಬರೇ.