ಹಳದಿ ವೈರಿನ ಬುಟ್ಟಿ

ಗೆರೆಯಕ್ಕನ ಅಂಗಡಿಗೆ ಹೋಗುವವರು ಬಾಗಿಲಲ್ಲೇ ಎರಡು ವಸ್ತು ಬಿಡಬೇಕಿತ್ತು. ಒಂದು ಒದ್ದೆ ಕೊಡೆ, ಇನ್ನೊಂದು ಹಳದಿ ವೈರು. ಕೊಡೆಗೆ ಮೊಳೆಯಿತ್ತು, ವೈರಿಗೆ ಬುಟ್ಟಿಯಿತ್ತು. ನೀರು ತೊಟ್ಟಿಕ್ಕುವ ಕೊಡೆಯನ್ನು ಮರೆತು ಒಳಗೆ ತಂದವರನ್ನು ಆಕೆ ಕ್ಷಮಿಸಿದ್ದುಂಟು. ಹಳದಿ ವೈರು ಹಿಡಿದು ಬಂದವರಿಗೆ ಮಾತ್ರ ಹೊಸ್ತಿಲಾಚೆಯೇ ಬೆರಳು ಮಾಡಿ ಬುಟ್ಟಿ ತೋರಿಸುತ್ತಿದ್ದಳು.

ಗೆರೆಯಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಇಪ್ಪತ್ತಾರು ವರ್ಷ ಟಿವಿ ಕೇಂದ್ರದಲ್ಲಿ ಗೋಡೆ ತುಂಬ ಸಾಲಾಗಿ ಕೂತಿದ್ದ ಮಾನಿಟರ್‌ಗಳನ್ನು ನೋಡಿಕೊಳ್ಳುವುದೇ ಆಕೆಯ ಕೆಲಸವಾಗಿತ್ತು. ಪರದೆಯ ಮೇಲೆ ಬಿಳಿ ಗೆರೆಗಳ ಬಲೆ ತರಿಸಿ, ಬಾಗಿದ್ದನ್ನು ನೆಟ್ಟಗೆ ಮಾಡಿ, ಉಬ್ಬಿದ್ದನ್ನು ಒಳಗೆ ಎಳೆದು, ಹದಿನಾಲ್ಕು ಪರದೆಯೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಇಡುತ್ತಿದ್ದಳು. ಆ ಕಣ್ಣು ಮನೆಗೆ ಬಂದ ಮೇಲೂ ಸುಮ್ಮನಿರುತ್ತದೆಯೇ? ನೆಂಟರ ಮನೆಗೆ ಹೋದರೆ ಕುಶಲ ಕೇಳುವುದಕ್ಕೆ ಮುಂಚೆ ಗೋಡೆಯ ಫೋಟೊ ಸರಿ ಮಾಡುತ್ತಿದ್ದಳು. ನಾದಿನಿಯ ಹೊಸ ಮನೆಯ ಗೃಹಪ್ರವೇಶದ ದಿನ, ಕಿಟಕಿ ಎಡಕ್ಕೆ ಒಂದು ನೂಲು ವಾಲಿದೆ ಎಂದು ಎಲ್ಲರ ಮುಂದೆ ಅಂದುಬಿಟ್ಟಳು. ಅಳತೆ ಹಿಡಿದು ನೋಡಿದರೆ ವಾಲಿಯೇ ಇತ್ತು. ನಾದಿನಿ ಎರಡು ವರ್ಷ ಮಾತು ಬಿಟ್ಟಳು.

ಕೇಂದ್ರಕ್ಕೆ ಹೊಸ ಚಪ್ಪಟೆ ಪರದೆಗಳು ಬಂದವು. ಹಳೆಯ ಮಾನಿಟರ್‌ಗಳನ್ನು ಗುಜರಿಗೆ ಹಾಕುತ್ತೇವೆಂದರು. ಗೆರೆಯಕ್ಕ ಒಂದು ಲಾರಿ ತರಿಸಿ ಹದಿನಾಲ್ಕನ್ನೂ ಮನೆಗೆ ಹೇರಿಸಿಕೊಂಡು ಬಂದಳು. ಒಂದೊಂದನ್ನು ಇಳಿಸುವುದಕ್ಕೂ ಇಬ್ಬರು ಬೇಕಾಯಿತು. ಬಸ್ಸು ಓಡಿಸಿ ನಿವೃತ್ತನಾಗಿದ್ದ ಗಂಡ ಸೊಂಟ ಹಿಡಿದುಕೊಂಡು, ಒಬ್ಬ ಮಾವನನ್ನು ಸುಧಾರಿಸುವುದರಲ್ಲೇ ಸಾಕಾಗಿತ್ತು, ಈಗ ಹದಿನಾಲ್ಕು ಮಂದಿ ಬಂದು ಕೂತರು, ಒಬ್ಬರೂ ಸರಿದು ಜಾಗ ಕೊಡುವವರಲ್ಲ ಎಂದ. ಆದರೂ ಮುಂದಿನ ಕೋಣೆ ಖಾಲಿ ಮಾಡಿಕೊಟ್ಟ.

ಆ ಕೋಣೆಯೇ ಅಂಗಡಿಯಾಯಿತು. ಚಿಕ್ಕವರಿದ್ದಾಗ ಆಡಿದ ವಿಡಿಯೋ ಗೇಮನ್ನು ಅಟ್ಟದಿಂದ ಇಳಿಸಿ, ಹೊಸ ಟಿವಿಗೆ ಸಿಕ್ಕಿಸಿ, ಚಿತ್ರವೆಲ್ಲ ಅಗಿದು ಉಗಿದ ಹಾಗೆ ಕಾಣುತ್ತದಲ್ಲ ಎಂದು ಕೊರಗುವ ಜನ ಊರಲ್ಲಿ ಇಷ್ಟಿದ್ದಾರೆಂದು ಯಾರಿಗೆ ಗೊತ್ತಿತ್ತು? ಒಬ್ಬೊಬ್ಬರಾಗಿ ಗೆರೆಯಕ್ಕನ ಬಾಗಿಲಿಗೆ ಬಂದರು. ಅವಳದು ಒಂದು ಕ್ರಮ. ಮಾನಿಟರ್ ಹಚ್ಚಿ ಅರ್ಧ ಗಂಟೆ ಸುಮ್ಮನೆ ಬಿಡಬೇಕು. ಮೈ ಕಾಯದ ಟ್ಯೂಬು ಸುಳ್ಳು ಹೇಳುತ್ತದೆ. ಆಮೇಲೆ ತಟ್ಟೆಯಗಲದ ತಂತಿಯ ಸುರುಳಿಯನ್ನು ಗಾಜಿನ ಮುಂದೆ ಸುತ್ತಾಡಿಸಿ, ಮೂಲೆಯಲ್ಲಿ ಅಂಟಿದ ಅಯಸ್ಕಾಂತದ ಕಲೆ ಬಿಡಿಸಬೇಕು. ಆಮೇಲೆ ಗೆರೆಯ ಬಲೆ. ಕೆಂಪು, ಹಸಿರು, ನೀಲಿ ಒಂದರ ಮೇಲೊಂದು ಕೂತು ಅಪ್ಪಟ ಬಿಳಿಯಾಗಬೇಕು. ಕೊನೆಗೆ ವೈರು. ಮೂರು ಬಣ್ಣಕ್ಕೂ ಬೇರೆ ಬೇರೆ ದಾರಿಯಿರುವ ವೈರನ್ನು ಆಕೆಯೇ ಕೂತು ಬೆಸೆಯುತ್ತಿದ್ದಳು. ಗೇಮಿನ ಜೊತೆ ಬರುವ ಹಳದಿ ವೈರು ಬೆಳಕನ್ನೂ ಬಣ್ಣವನ್ನೂ ಒಂದೇ ದಾರಿಯಲ್ಲಿ ತುರುಕಿ ಕಳಿಸುತ್ತದೆ. ಮೂರು ಸಂಸಾರವನ್ನು ಒಂದು ಕೋಣೆಗೆ ತುಂಬಿದರೆ ಯಾರ ಚಾಪೆ ಯಾರದೆಂದು ತಿಳಿಯುತ್ತದೆಯೇ? ಅದಕ್ಕೇ ಬುಟ್ಟಿ.

ಒಂದು ಮಧ್ಯಾಹ್ನ ಎಪ್ಪತ್ತು ದಾಟಿದ ಹೆಂಗಸೊಬ್ಬರು ಮಗಳ ಜೊತೆ ಬಂದರು. ಮಗಳು ಶಾಲೆಯಲ್ಲಿ ಗಣಿತದ ಟೀಚರು, ಅರ್ಧ ದಿನದ ರಜೆ ಹಾಕಿ ಬಂದವಳು. ನಾಲ್ಕೂವರೆಗೆ ಹೊರಡಬೇಕೆಂದು ಕೂರುವ ಮೊದಲೇ ಹೇಳಿದಳು. ತಾಯಿ ಒಂದು ಕಾಲದಲ್ಲಿ ಗೇಮು ತಯಾರಿಸುವ ಕಂಪನಿಯಲ್ಲಿ ಚಿತ್ರಗಾರ್ತಿ. ಚೌಕಳಿ ಹಾಳೆಯ ಮೇಲೆ ಚುಕ್ಕಿ ಚುಕ್ಕಿ ಬರೆದು ಕಾಡು, ಗುಹೆ, ಸೇತುವೆ ಮಾಡಿದವರು. ಎಂಟು ತಿಂಗಳು ಒಂದೇ ಒಂದು ಜಲಪಾತಕ್ಕೆ ಕೂತಿದ್ದರಂತೆ. ಆಗ ಮಗಳಿಗೆ ಒಂಬತ್ತು ವರ್ಷ. ಅಮ್ಮ ಬರುವಷ್ಟರಲ್ಲಿ ಮಗು ಮಲಗಿರುತ್ತಿತ್ತು, ಮಗು ಏಳುವಷ್ಟರಲ್ಲಿ ಅಮ್ಮ ಹೊರಟಿರುತ್ತಿದ್ದಳು.

“ಆ ನೀರನ್ನ ಇವಳು ಒಂದು ಸಲಾನೂ ನೋಡಿಲ್ಲ. ತೋರಿಸಬೇಕು, ಅಷ್ಟೇ” ಎಂದರು ಚಿತ್ರಗಾರ್ತಿ.

“ನನ್ನ ಒಂಬತ್ತನೇ ವರ್ಷ ಎಲ್ಲಿಗೆ ಹೋಯ್ತು ಅಂತ ನನಗೂ ನೋಡಬೇಕು” ಎಂದಳು ಮಗಳು. ನಗುತ್ತಲೇ ಅಂದಳು, ಆದರೆ ಆ ನಗು ತುಟಿಯಿಂದ ಆಚೆಗೆ ಹೋಗಲಿಲ್ಲ.

ಚಿತ್ರಗಾರ್ತಿ ಚೀಲದಿಂದ ಗೇಮಿನ ಮಷೀನು ತೆಗೆದರು, ಕ್ಯಾಸೆಟ್ ತೆಗೆದರು, ಕೊನೆಗೆ ಹಳದಿ ವೈರು ತೆಗೆದು, “ನಾವು ಆಫೀಸಲ್ಲಿ ಇದರಲ್ಲೇ...” ಎಂದು ಶುರು ಮಾಡಿದರು. ಗೆರೆಯಕ್ಕ ಬಾಗಿಲ ಕಡೆ ಬೆರಳು ಮಾಡಿದಳು. ಅವರು ಬಾಯಿ ಮುಚ್ಚಿ, ಎದ್ದು ಹೋಗಿ, ವೈರನ್ನು ಬುಟ್ಟಿಗೆ ಹಾಕಿ ಬಂದರು.

ಅಂದು ಗೆರೆಯಕ್ಕ ತನ್ನ ಹದಿನಾಲ್ಕರಲ್ಲಿ ಎಲ್ಲಕ್ಕಿಂತ ಚೊಕ್ಕವಾದದ್ದನ್ನು ಹಚ್ಚಿದಳು. ಮೈ ಕಾಯಿಸಿದಳು, ಕಲೆ ಬಿಡಿಸಿದಳು, ಗೆರೆ ಕೂರಿಸಿದಳು, ತನ್ನ ಕೈಯ ವೈರು ಹಾಕಿದಳು. ಚಿತ್ರ ಬಂತು ನೋಡಿ! ಎಲೆ ಎಲೆಯೂ ಕತ್ತರಿಯಲ್ಲಿ ಕತ್ತರಿಸಿಟ್ಟ ಹಾಗೆ. ಗೇಮಿನ ಪುಟ್ಟ ಮನುಷ್ಯ ಕಾಡು ದಾಟಿ, ಸೇತುವೆ ದಾಟಿ, ಜಲಪಾತದ ಮುಂದೆ ನಿಂತ.

“ಇದೇನಾ ಅಮ್ಮಾ?” ಎಂದಳು ಮಗಳು. “ಜೈಲಿನ ಕಂಬಿ ಇದ್ದ ಹಾಗಿದೆ.”

ಹಾಗೆಯೇ ಇತ್ತು. ನೀರಿನ ಜಾಗದಲ್ಲಿ ಮೇಲಿನಿಂದ ಕೆಳಗೆ ಬಿಳಿ ಸರಳುಗಳು, ನಡುವೆ ಬಂಡೆ. ಚಿತ್ರಗಾರ್ತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಮಗಳು ಗಡಿಯಾರ ನೋಡಿದಳು: ನಾಲ್ಕಕ್ಕೆ ಐದು ನಿಮಿಷ.

ಗೆರೆಯಕ್ಕ ತಬ್ಬಿಬ್ಬಾಗುವ ಪೈಕಿಯಲ್ಲ. ಕ್ಯಾಸೆಟ್ ಕಿತ್ತು ಅದರ ಹಲ್ಲು ಒರೆಸಿದಳು. ಮಷೀನು ಬಿಚ್ಚಿ ನೋಡಿದಳು. ಎಲ್ಲ ಸರಿಯಿತ್ತು. ಕೊನೆಗೆ ಭೂತಗನ್ನಡಿ ತಂದು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಒಂದು ಸಾಲು ಬಿಳಿ, ಒಂದು ಸಾಲು ಖಾಲಿ. ಮತ್ತೆ ಬಿಳಿ, ಮತ್ತೆ ಖಾಲಿ. ಜಲಪಾತದ ಉದ್ದಗಲಕ್ಕೂ ಒಂದು ಚುಕ್ಕಿ ತಪ್ಪಿರಲಿಲ್ಲ. ಕೆಟ್ಟ ಮಷೀನು ಇಷ್ಟು ಅಚ್ಚುಕಟ್ಟಾಗಿ ಕೆಡುವುದಿಲ್ಲ. ಇದು ಕೈಯ ಕೆಲಸ.

“ಅಕ್ಕಾ, ನೀವು ಇದನ್ನ ಹೀಗೇ ಬರೆದ್ರಾ?” ಎಂದು ಚಿತ್ರಗಾರ್ತಿಯನ್ನು ಕೇಳಿದಳು.

“ಹೂಂ. ಒಂದು ಬಿಟ್ಟು ಒಂದು. ಆ ಮಷೀನಿಗೆ ಅರ್ಧ ಕಾಣೋ ಬಣ್ಣ ಅಂದ್ರೆ ಏನು ಅಂತಾನೇ ಗೊತ್ತಿರಲಿಲ್ಲ. ಹಚ್ಚಿದ್ರೆ ಪೂರ್ತಿ ಹಚ್ಚಬೇಕು, ಇಲ್ಲಾ ಬಿಡಬೇಕು. ಒಂದಕ್ಕೊಂದು ಕಲೆಸೋ ಕೆಲಸ ಆ ಹಳದಿ ವೈರಿಂದು.”

“ಮೊದಲೇ ಹೇಳಬಾರದಿತ್ತಾ?”

“ಹೇಳೋಕೇ ಬಂದೆ. ನೀವು ಬುಟ್ಟಿ ತೋರಿಸಿದ್ರಿ.”

ಗೆರೆಯಕ್ಕ ಭೂತಗನ್ನಡಿ ಕೆಳಗಿಟ್ಟಳು. ಆಮೇಲೆ ಹೊರಗೆ ಹೋಗಿ ಬುಟ್ಟಿಗೆ ಕೈ ಹಾಕಿ, ತಾನು ಬೆರಳು ಮಾಡಿ ಹಾಕಿಸಿದ ಅದೇ ವೈರನ್ನು ತಾನೇ ತಂದಳು. ಸಿಕ್ಕಿಸಿದಳು. ಸರಳುಗಳು ಮೆತ್ತಗಾದವು, ಆದರೆ ಮಾಯವಾಗಲಿಲ್ಲ. ಆ ಮಾನಿಟರ್ ಹುಟ್ಟಿದ್ದೇ ಕಲೆತದ್ದನ್ನು ಬೇರೆ ಮಾಡುವುದಕ್ಕೆ. ಹಳದಿ ವೈರು ಬೆರೆಸಿದ್ದನ್ನೂ ಅದು ಆದಷ್ಟು ಹೆಕ್ಕಿ ತೆಗೆಯುತ್ತಿತ್ತು. ಗೆರೆಯಕ್ಕ ಅದರ ತಲೆ ತಟ್ಟಿ, ನಿನ್ನ ತಪ್ಪಲ್ಲ ಬಿಡು ಎಂದು, ನೇರ ಅಡುಗೆಮನೆಗೆ ನಡೆದಳು.

ಅಲ್ಲಿ ಗಂಡ ಬಟಾಣಿ ಸುಲಿಯುತ್ತ ತನ್ನ ಪುಟ್ಟ ಹಳೇ ಟಿವಿಯಲ್ಲಿ ಆಟದ ಪಂದ್ಯ ನೋಡುತ್ತಿದ್ದ.

“ರೀ, ಅದನ್ನ ಕೊಡಿ.”

“ಯಾವುದನ್ನ?” ಎಂದ ಗಂಡ, ತಲೆ ಎತ್ತದೆ. “ಈ ಮಸುಕು ಡಬ್ಬೀನಾ?”

ಆ ಹೆಸರಿಟ್ಟವಳು ಅವಳೇ. ಹನ್ನೊಂದು ವರ್ಷದಿಂದ ಅದರ ಫೋಕಸ್ ಸರಿ ಮಾಡಲು ಬಿಡಿ ಎಂದು ಅವಳು, ಮುಟ್ಟಬೇಡ ಎಂದು ಅವನು. ಅವನಿಗೆ ಆಟಗಾರರ ಮುಖದ ಬೆವರು ಕಾಣುವುದು ಬೇಕಿರಲಿಲ್ಲ. ಗೆರೆಯಕ್ಕ ಪ್ಲಗ್ಗು ಕಿತ್ತಳು. ಗಂಡ ಬಟಾಣಿಯ ತಟ್ಟೆ ಹಿಡಿದುಕೊಂಡೇ ಟಿವಿಯ ಹಿಂದೆ ಹಿಂದೆ ಬಂದ.

ಬೆಳಿಗ್ಗೆಯಿಂದ ಉರಿಯುತ್ತಿದ್ದದ್ದರಿಂದ ಮೈ ಕಾಯಿಸುವ ಕೆಲಸ ತಪ್ಪಿತ್ತು. ಗೆರೆಯಕ್ಕ ಹಿಂದಿನ ಮುಚ್ಚಳ ತೆಗೆದು, ಚಿತ್ರದ ಬಾಗಿದ ಅಂಚು ನೆಟ್ಟಗೆ ಮಾಡಿದಳು. ಬಣ್ಣ ಸರಿಮಾಡಿದಳು, ಹೆಚ್ಚಾಗಿದ್ದ ಬೆಳಕು ಇಳಿಸಿದಳು. ಅಭ್ಯಾಸದ ಮೇಲೆ ಸ್ಕ್ರೂಡ್ರೈವರು ಫೋಕಸ್ಸಿನ ತಿರುಪಿನವರೆಗೂ ಹೋಯಿತು. ಅಲ್ಲಿ ನಿಂತಿತು. ಆಕೆ ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು ಜೇಬಿಗೆ ಹಾಕಿದಳು. ಗಂಡ ನೋಡಿದ, ಒಂದು ಬಟಾಣಿ ಬಾಯಿಗೆ ಎಸೆದುಕೊಂಡ.

ಗೇಮಿನ ಹಳದಿ ವೈರನ್ನು ಮಸುಕು ಡಬ್ಬಿಗೆ ಸಿಕ್ಕಿಸಿದಳು. ಪುಟ್ಟ ಮನುಷ್ಯ ಮತ್ತೆ ಕಾಡು ದಾಟಿದ, ಸೇತುವೆ ದಾಟಿದ.

ನೀರು ಬೀಳುತ್ತಿತ್ತು. ಸರಳಿಲ್ಲ, ಚುಕ್ಕಿಯಿಲ್ಲ, ತೆಳುವಾದ ಬಿಳಿ ನೀರು. ಅದರಾಚೆ ಒದ್ದೆ ಬಂಡೆ ಹೊಳೆಯುತ್ತಿತ್ತು. ಬಂಡೆಯ ನಡುವೆ, ನೀರಿನ ಹಿಂದೆ, ಏನೋ ಕಪ್ಪಗೆ ಕಾಣುತ್ತಿತ್ತು.

ಮಗಳು ಕುರ್ಚಿ ಮುಂದಕ್ಕೆ ಎಳೆದಳು.

“ಅಮ್ಮಾ, ಅಲ್ಲಿ ಬಾಗಿಲಿದೆ.”

“ಇದೆ.”

“ಒಳಗೆ ಹೋಗಬಹುದಾ?”

“ನಿನಗೆ ಅಂತಲೇ ಇಟ್ಟಿದ್ದು. ಕಂಪನಿಯವರು ಕೇಳಿರಲಿಲ್ಲ” ಎಂದರು ಚಿತ್ರಗಾರ್ತಿ. “ಹೋಗಿ ನೋಡು.”

ಪುಟ್ಟ ಮನುಷ್ಯ ನೀರಿನೊಳಗೆ ಹೆಜ್ಜೆ ಇಟ್ಟ. ಮೈಮೇಲೆ ನೀರು ಹರಿಯಿತು, ಆದರೂ ಅವನು ಕಾಣುತ್ತಲೇ ಇದ್ದ. ಬಾಗಿಲಾಚೆ ಒಂದು ಚಿಕ್ಕ ಕೋಣೆ. ಕೋಣೆಯಲ್ಲಿ ಒಂದು ಮಂಚ, ದೀಪ, ಮಂಚದ ಮೇಲೆ ಮಲಗಿದ ಎರಡು ಜಡೆಯ ಹುಡುಗಿ. ಆಟದಲ್ಲಿ ಆ ಕೋಣೆಯಿಂದ ಏನೂ ಸಿಗುವುದಿಲ್ಲ. ಬಹುಮಾನವಿಲ್ಲ, ಮುಂದಕ್ಕೆ ದಾರಿಯಿಲ್ಲ. ಮಗಳು ಪುಟ್ಟ ಮನುಷ್ಯನನ್ನು ಮಂಚದ ಪಕ್ಕ ನಿಲ್ಲಿಸಿ ಕೈಯಲ್ಲಿದ್ದ ಜಾಯ್‌ಸ್ಟಿಕ್ಕನ್ನು ಕೆಳಗಿಟ್ಟಳು. ನಾಲ್ಕೂವರೆ ಆಯಿತು, ಐದೂ ಆಯಿತು. ಗಡಿಯಾರವನ್ನು ಯಾರೂ ನೋಡಲಿಲ್ಲ. ಗಂಡ ಎಲ್ಲರಿಗೂ ಚಹಾ ಮಾಡಿ ತಂದ.

ಮರುದಿನ ಬುಟ್ಟಿ ಬಾಗಿಲಿನಿಂದ ಎದ್ದು ಗೆರೆಯಕ್ಕನ ಮೇಜಿನ ಮೇಲೆ ಕೂತಿತು. ಈಗ ಬಂದವರಿಗೆ ಆಕೆ ಮೊದಲು ಕೇಳುವುದು ಗೇಮು ಯಾವುದು, ಆಗ ಯಾವ ಟಿವಿಯಲ್ಲಿ ನೋಡುತ್ತಿದ್ದಿರಿ ಎಂದು. ಅವರು ಹೇಳಿ ಮುಗಿಸುವವರೆಗೂ ಬೆರಳು ಎತ್ತುವುದಿಲ್ಲ. ಅಕ್ಷರ ಓದುವ ಗೇಮಿಗೆ ತನ್ನ ವೈರು, ನೀರು ಹೊಗೆ ಮಂಜಿನ ಗೇಮಿಗೆ ಹಳದಿ. ಯಾವುದಕ್ಕೆ ಯಾವುದೆಂದು ಊರಲ್ಲಿ ಅವಳಷ್ಟು ಖಡಾಖಂಡಿತವಾಗಿ ಹೇಳುವವರು ಇನ್ನೊಬ್ಬರಿಲ್ಲ.

ಮಸುಕು ಡಬ್ಬಿ ಅಡುಗೆಮನೆಗೆ ಹಿಂತಿರುಗಲಿಲ್ಲ. ಅದರ ಬದಲಿಗೆ ಹದಿನಾಲ್ಕರಲ್ಲಿ ಚೊಕ್ಕದ್ದೊಂದನ್ನು ಗಂಡನಿಗೆ ಕೊಟ್ಟಳು. ಆಟಗಾರರ ಬೆವರು ಹನಿ ಹನಿಯಾಗಿ ಕಾಣುತ್ತದೆ ಎಂದು ಅವನು ಇನ್ನೂ ಗೊಣಗುತ್ತಾನೆ.